ಕೊನೆಯ ಸರಿ ರೀಡಿಂಗ್ ಎಷ್ಟು ಗಂಟೆಗೆ? ಆಹಾರ ತಯಾರಿಕೆ ಮತ್ತು ಸಾಗಣೆಯಲ್ಲಿ ಸುರಕ್ಷತೆಯ ನಿಗಾ

ದೊಡ್ಡ ಲಾಟ್ ಒಂದರಲ್ಲಿ ನೂರಕ್ಕೊಂದು ಪೊಟ್ಟಣ ಕೆಟ್ಟಿದೆ ಎಂದಿಟ್ಟುಕೊಳ್ಳಿ. ಐದು ಪೊಟ್ಟಣ ತೆಗೆದು ಲ್ಯಾಬಿಗೆ ಕಳಿಸಿದಿರಿ. ಆ ಐದರಲ್ಲಿ ಕೆಟ್ಟದ್ದು ಒಂದೂ ಇಲ್ಲದೇ ಹೋಗುವ ಸಂಭವ ಶೇ 95. ಅರವತ್ತು ಕಳಿಸಿದರೂ ಶೇ 55ರಷ್ಟು ಸಲ ವರದಿ ‘ಎಲ್ಲ ಸರಿಯಿದೆ’ ಎಂದೇ ಬರುತ್ತದೆ. ಶೇ 95ರಷ್ಟು ಖಾತ್ರಿಯಿಂದ ಹಿಡಿಯಬೇಕಾದರೆ 299 ಪೊಟ್ಟಣ ಒಡೆಯಬೇಕು. ಅಷ್ಟು ಒಡೆಯಲು ಯಾರು ಒಪ್ಪಿಯಾರು ಎಂಬುದು ಒಂದು ಮಾತು. ವರದಿ ಕೈಗೆ ಬರುವಷ್ಟರಲ್ಲಿ ಸರಕು ಅಂಗಡಿ ಸೇರಿರುತ್ತದೆ ಎಂಬುದು ಇನ್ನೊಂದು.

1960ರ ದಶಕದಲ್ಲಿ ಗಗನಯಾತ್ರಿಗಳಿಗೆ ಆಹಾರ ತಯಾರಿಸಲು ಹೊರಟ ಪಿಲ್ಸ್‌ಬರಿ ಕಂಪನಿ, ನಾಸಾ ಮತ್ತು ಅಮೆರಿಕ ಸೇನೆಯ ನೇಟಿಕ್ ಪ್ರಯೋಗಾಲಯಕ್ಕೆ ಎದುರಾದದ್ದೂ ಈ ಲೆಕ್ಕವೇ. ಕೊನೆಯಲ್ಲಿ ಪರೀಕ್ಷಿಸುವುದನ್ನೇ ನೆಚ್ಚಿಕೊಳ್ಳದೆ ತಯಾರಿಕೆಯ ದಾರಿಯಲ್ಲೇ ಅಪಾಯವನ್ನು ತಡೆಯುವ ಹ್ಯಾಸಪ್ ಪದ್ಧತಿ ಬೆಳೆದದ್ದು ಅಲ್ಲಿಂದ. ಅಂತರರಾಷ್ಟ್ರೀಯ ಆಹಾರ ಮಾನದಂಡಗಳನ್ನು ರೂಪಿಸುವ ಕೋಡೆಕ್ಸ್ ಅಲಿಮೆಂಟೇರಿಯಸ್ ಆಯೋಗ 1993ರಲ್ಲಿ ಅದರ ಮಾರ್ಗಸೂಚಿಯನ್ನು ಅಂಗೀಕರಿಸಿತು, 2020ರಲ್ಲಿ ಪರಿಷ್ಕರಿಸಿತು. ಅದರ ಏಳು ತತ್ವಗಳನ್ನು ಬಾಯಿಪಾಠ ಒಪ್ಪಿಸುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಲೈನಿನ ಪಕ್ಕ ನಿಂತು ‘ಕೊನೆಯ ಸರಿ ರೀಡಿಂಗ್ ಎಷ್ಟು ಗಂಟೆಗೆ ಸಿಕ್ಕಿತು? ಅಲ್ಲಿಂದೀಚೆಗಿನ ಮಾಲು ಈಗ ಎಲ್ಲಿದೆ?’ ಎಂದು ಕೇಳಿದರೆ ತಡವರಿಸುವವರೂ ಅವರೇ. ಕೆಳಗಿನದೆಲ್ಲ ಈ ಎರಡು ಪ್ರಶ್ನೆಗೆ ಯಾವ ಹೊತ್ತಿನಲ್ಲೂ ಉತ್ತರ ಇಟ್ಟುಕೊಳ್ಳುವ ಬಗೆ.

1. ಹರಿವಿನ ನಕ್ಷೆ ಬರೆದು, ಅದನ್ನು ಹಿಡಿದು ನಡೆಯಿರಿ

ಕಚ್ಚಾ ಮಾಲು ಬಾಗಿಲು ದಾಟುವಲ್ಲಿಂದ ಸಿದ್ಧ ಸರಕು ಗಾಡಿ ಏರುವವರೆಗಿನ ಪ್ರತಿ ಹೆಜ್ಜೆಯನ್ನೂ ಹಾಳೆಗೆ ಇಳಿಸಿ. ಆಮೇಲೆ ಆ ಹಾಳೆ ಹಿಡಿದು ಲೈನಿನ ಉದ್ದಕ್ಕೂ ನಡೆಯಿರಿ, ಹಗಲು ಒಂದು ಸಲ, ರಾತ್ರಿ ಪಾಳಿಯಲ್ಲಿ ಒಂದು ಸಲ. ನಕ್ಷೆಯಲ್ಲಿ ಬಿಟ್ಟುಹೋಗುವುದು ಹೆಚ್ಚಾಗಿ ಇವು: ಮುಂದಿನ ಬ್ಯಾಚಿಗೆ ಬೆರೆಸಲು ಎತ್ತಿಟ್ಟ ಉಳಿಕೆ ಮಾಲು, ಉತ್ಪನ್ನಕ್ಕೆ ತಾಗುವ ಹಬೆ ಮತ್ತು ಕಂಪ್ರೆಸರ್ ಗಾಳಿ, ಮಂಜುಗಡ್ಡೆ, ಯಂತ್ರ ಕೆಟ್ಟಾಗ ಹಿಡಿಯುವ ಅಡ್ಡದಾರಿ, ಮತ್ತು ಕಾಯುವ ಹೊತ್ತು. ಬೇಯಿಸುವ ಚೌಕದಿಂದ ತುಂಬುವ ಚೌಕಕ್ಕೆ ಹಾಳೆಯ ಮೇಲೆ ಒಂದು ಬಾಣ ಅಷ್ಟೇ. ನೆಲದ ಮೇಲೆ ಅದೇ ಬಾಣದ ಜಾಗದಲ್ಲಿ, ತುಂಬುವ ಯಂತ್ರ ಬಿಡುವಾಗಲಿ ಎಂದು ನಾಲ್ಕು ತೊಟ್ಟಿಗಳು ಕಾಯುತ್ತಾ ನಿಂತಿರುತ್ತವೆ, 45 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾಕ್ಕೆ ಈ ಬಿಸಿ ಹೇಳಿಮಾಡಿಸಿದ ಹಾಗಿದೆ. ಸುಮಾರು 10 ನಿಮಿಷಕ್ಕೊಮ್ಮೆ ಅದು ಇಮ್ಮಡಿಯಾಗುತ್ತದೆ.

2. ಯಾವ ಅಪಾಯವನ್ನು ಎಲ್ಲಿ ತಡೆಯುತ್ತೀರಿ?

ಜೈವಿಕ, ರಾಸಾಯನಿಕ, ಭೌತಿಕ, ಅಲರ್ಜಿಕಾರಕ ಎಂದು ನಾಲ್ಕು ಕಾಲಂ ಹಾಕಿ ತುಂಬಿಸುವುದು ಸುಲಭ. ಅಪಾಯದ ಸ್ವಭಾವ ಅರಿಯುವುದು ಕಷ್ಟ. ‘ಬೇಯಿಸಿದರೆ ಎಲ್ಲ ಸಾಯುತ್ತವೆ’ ಎಂಬ ನಂಬಿಕೆಯಿಂದ ಬರೆದ ಯೋಜನೆಗಳೇ ಮುಗ್ಗರಿಸುವುದು. ಸ್ಟಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬಿಸಿಗೆ ಸಾಯುತ್ತದೆ, ಆದರೆ ಅದು ಆಗಲೇ ಬಿಟ್ಟ ವಿಷ ಕುದಿಸಿದರೂ ಉಳಿಯುತ್ತದೆ. ಬ್ಯಾಸಿಲಸ್ ಸಿರಿಯಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಬೀಜಕಗಳು (ಬಿಸಿ ತಡೆಯುವ ಗಟ್ಟಿ ಕವಚದ ಸುಪ್ತ ರೂಪ) ಅಡುಗೆಯನ್ನು ಬದುಕಿ ದಾಟಿ, ಆಹಾರ ಆರುವಾಗ ಮೊಳೆಯುತ್ತವೆ. ಲಿಸ್ಟೀರಿಯಾ ಬ್ಯಾಕ್ಟೀರಿಯಾ ಕೋಲ್ಡ್ ರೂಮಿನ 4 ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ಪ್ರತಿ ಅಪಾಯಕ್ಕೂ ಮೂರು ಪ್ರಶ್ನೆ: ಇದು ಒಳಗೆ ಬರುವುದು ಎಲ್ಲಿಂದ? ಬೆಳೆಯುವುದು ಯಾವ ಹಂತದಲ್ಲಿ? ಕೊಲ್ಲುವ ಹಂತ ದಾಟಿದ ಮೇಲೆ ಮತ್ತೆ ಸೇರಿಕೊಳ್ಳಲು ಎಲ್ಲಿ ದಾರಿಯಿದೆ?

ಇದಾದ ಮೇಲೆ ನಿರ್ಣಾಯಕ ನಿಯಂತ್ರಣ ಹಂತಗಳನ್ನು, ಅಂದರೆ ಎಲ್ಲರೂ ಸಿಸಿಪಿ ಎನ್ನುವುದನ್ನು, ಗುರುತಿಸಿ. ಈ ಹಂತ ತಪ್ಪಿದರೆ ಮುಂದೆ ಯಾರೂ ಅಪಾಯವನ್ನು ಹಿಡಿಯಲಾರರು ಎನ್ನುವಂಥದ್ದು ಮಾತ್ರ ಸಿಸಿಪಿ. ಕೈತೊಳೆಯುವುದು, ಕೀಟ ನಿಯಂತ್ರಣ, ನೀರಿನ ಗುಣಮಟ್ಟ, ವಾಂತಿಭೇದಿಯಾದವರನ್ನು ಲಕ್ಷಣ ನಿಂತ ಮೇಲೂ 48 ಗಂಟೆ ಆಹಾರದಿಂದ ದೂರ ಇಡುವುದು, ಇವೆಲ್ಲ ಅಡಿಪಾಯ. ಇಲ್ಲದೆ ನಡೆಯದು, ಆದರೆ ಸಿಸಿಪಿ ಅಲ್ಲ. ಹದಿನೆಂಟು ಸಿಸಿಪಿ ಇರುವ ಯೋಜನೆ ಕಂಡರೆ ಅನುಮಾನಪಡಿ. ಅಷ್ಟನ್ನೂ ಒಂದೇ ಶ್ರದ್ಧೆಯಿಂದ ನೋಡುವ ತಂಡ ಯಾವ ಕಾರ್ಖಾನೆಯಲ್ಲೂ ಇರುವುದಿಲ್ಲ. ಹೆಚ್ಚಿನ ಲೈನುಗಳಿಗೆ ಎರಡೋ ಮೂರೋ ಸಾಕು.

3. ಮಿತಿಗೆ ಅಂಕಿ ಬೇಕು, ಅಂಕಿಗೆ ಆಧಾರ ಬೇಕು

‘ಚೆನ್ನಾಗಿ ಬೇಯಿಸಿ’ ಎಂಬುದು ಮಿತಿಯಲ್ಲ. ಹಾಲಿಗೆ 72 ಡಿಗ್ರಿಯಲ್ಲಿ 15 ಸೆಕೆಂಡ್, ಇಲ್ಲವೇ 63 ಡಿಗ್ರಿಯಲ್ಲಿ 30 ನಿಮಿಷ. ತಿನ್ನಲು ಸಿದ್ಧವಾದ ಆಹಾರದಲ್ಲಿ ಲಿಸ್ಟೀರಿಯಾ ಕೊಲ್ಲಲು ಒಳಗಿನ ಬಿಸಿ 70 ಡಿಗ್ರಿಯಲ್ಲಿ 2 ನಿಮಿಷ. ಇದಕ್ಕೆ ಸಮವಾಗಿ 65ರಲ್ಲಿ 10 ನಿಮಿಷ, 75ರಲ್ಲಿ 30 ಸೆಕೆಂಡ್ ಎಂದು ಲೆಕ್ಕ ಹಿಡಿಯುತ್ತಾರೆ. ಆಮ್ಲ ಕಡಿಮೆ ಇರುವ ಡಬ್ಬಿ ಆಹಾರದಲ್ಲಿ ಬೊಟುಲಿನಮ್ ಬೀಜಕಗಳನ್ನು ಕೊಲ್ಲಲು ಡಬ್ಬಿಯ ಅತಿ ತಣ್ಣಗಿನ ಬಿಂದುವಿನಲ್ಲಿ 121.1 ಡಿಗ್ರಿ, ಕನಿಷ್ಠ 3 ನಿಮಿಷ. ಆಮ್ಲ ಬೆರೆಸಿ ಕಾಪಾಡುವುದಾದರೆ ಪಿಎಚ್ (ಹುಳಿಯ ಅಳತೆ; ಆಮ್ಲ ಹೆಚ್ಚಿದಷ್ಟೂ ಅಂಕಿ ಕಡಿಮೆ) 4.6 ಅಥವಾ ಅದಕ್ಕಿಂತ ಕೆಳಗೆ. ಒಣ ಆಹಾರದಲ್ಲಿ ನೀರಿನ ಚಟುವಟಿಕೆ (ಸೂಕ್ಷ್ಮಜೀವಿಗಳ ಬಳಕೆಗೆ ಸಿಗುವ ನೀರಿನ ಅಳತೆ, 0ಯಿಂದ 1ರವರೆಗೆ) 0.85ಕ್ಕಿಂತ ಕೆಳಗಿದ್ದರೆ ಸ್ಟಫೈಲೊಕಾಕಸ್ ವಿಷ ಬಿಡಲಾರದು. ನಿಮ್ಮ ದೇಶದ ಕಾನೂನು ಇದಕ್ಕಿಂತ ಬಿಗಿಯಾಗಿದ್ದರೆ ಕಾನೂನಿನ ಅಂಕಿಯೇ ನಿಮ್ಮ ಮಿತಿ.

ಪಿಎಚ್ ವಿಷಯದಲ್ಲಿ ಒಂದು ಬಲೆ ಇದೆ. ರಸದಲ್ಲಿ ಮುಳುಗಿದ ತುಂಡುಗಳ ಉತ್ಪನ್ನದಲ್ಲಿ ರಸದ ಪಿಎಚ್ 3.8 ಇದ್ದರೂ ತುಂಡಿನ ನಡುಭಾಗ ಇನ್ನೂ 5.2ರಲ್ಲಿರಬಹುದು. ಆಮ್ಲ ಒಳಗಿಳಿಯಲು ಕಾಲ ಬೇಕು. 24 ಗಂಟೆ ಕಳೆದ ಮೇಲೆ ತುಂಡನ್ನು ಹೊರತೆಗೆದು ಅರೆದು ಅಳೆಯಿರಿ.

ಮಿತಿಯ ಅಂಚಿನಲ್ಲೇ ಯಂತ್ರ ಓಡಿಸಬೇಡಿ. ನಿರ್ಣಾಯಕ ಮಿತಿ 72 ಇದ್ದರೆ ಪಾಶ್ಚರೈಸರನ್ನು, ಅಂದರೆ ಹಾಲು ಕಾಯಿಸುವ ಯಂತ್ರವನ್ನು, 74–75ಕ್ಕೆ ಇಡಿ, 73ಕ್ಕೆ ಎಚ್ಚರಿಕೆಯ ಗಂಟೆ ಹೊಡೆಯಲಿ. ಆ ನಡುವಿನ ಜಾಗ ಇರುವುದೇ ಸರಿಪಡಿಸಲು ನಿಮಗೆ ಸಮಯ ಸಿಗಲಿ ಎಂದು. 71.9ಕ್ಕೆ ಇಳಿದರೆ ಹಾಲು ತಾನಾಗಿ ಹಿಂದಕ್ಕೆ ತಿರುಗಬೇಕು. ತಿರುಗಿಸುವ ವಾಲ್ವ್ ನಿಜಕ್ಕೂ ತಿರುಗುತ್ತದೆಯೇ ಎಂದು ಪ್ರತಿದಿನ ಓಟ ಶುರುವಾಗುವ ಮೊದಲು ಬಿಸಿ ಇಳಿಸಿಯೇ ನೋಡಬೇಕು. ಜೊತೆಗೆ, ಬಿಸಿ ಹಂಚುವ ತಟ್ಟೆಗಳ ಆಚೀಚೆ ಪಾಶ್ಚರೀಕರಿಸಿದ ಹಾಲಿನ ಒತ್ತಡ ಹಸಿ ಹಾಲಿನದಕ್ಕಿಂತ ಯಾವಾಗಲೂ ಹೆಚ್ಚಿರಲಿ. ತಟ್ಟೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟರೂ ಆಗ ಶುದ್ಧ ಹಾಲು ಹಸಿ ಹಾಲಿನ ಕಡೆ ಸೋರುತ್ತದೆಯೇ ಹೊರತು ಉಲ್ಟಾ ಆಗುವುದಿಲ್ಲ.

4. ಥರ್ಮಾಮೀಟರ್ ಸುಳ್ಳು ಹೇಳುತ್ತಿಲ್ಲ ತಾನೆ?

ಗಾಜಿನ ಲೋಟದ ತುಂಬ ಪುಡಿ ಮಾಡಿದ ಮಂಜುಗಡ್ಡೆ ಹಾಕಿ, ಸಂದುಗಳು ತುಂಬುವಷ್ಟೇ ನೀರು ಸುರಿದು ಕಲಕಿ. ಥರ್ಮಾಮೀಟರಿನ ಅಳೆಯುವ ಕಡ್ಡಿಯನ್ನು, ಅಂದರೆ ಪ್ರೋಬನ್ನು, ಐದು ಸೆಂಟಿಮೀಟರ್ ಆಳಕ್ಕೆ, ಲೋಟದ ತಳ-ಗೋಡೆಗೆ ತಾಗದಂತೆ ಇಟ್ಟು ಒಂದು ನಿಮಿಷ ಕಾಯಿರಿ. ಸೊನ್ನೆ ಬರಬೇಕು, ಹೆಚ್ಚೆಂದರೆ ಅರ್ಧ ಡಿಗ್ರಿ ಆಚೀಚೆ. ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಲೋಟದ ತುಂಬ ನೀರು ಹಾಕಿ ನಾಲ್ಕು ತುಂಡು ಮಂಜುಗಡ್ಡೆ ತೇಲಿಸುವುದು. 4 ಡಿಗ್ರಿಯ ನೀರು ಎಲ್ಲಕ್ಕಿಂತ ಭಾರ, ಅದು ತಳಕ್ಕೆ ಇಳಿಯುತ್ತದೆ. ಪ್ರೋಬ್ ತಳದಲ್ಲಿ 3 ತೋರಿಸುತ್ತದೆ, ಸರಿಯಾಗಿದ್ದ ಥರ್ಮಾಮೀಟರ್ ‘ಕೆಟ್ಟಿದೆ’ ಎಂದು ಬದಿಗೆ ಹೋಗುತ್ತದೆ, ಅಥವಾ ಅದಕ್ಕಿಂತ ಕೆಟ್ಟದಾಗಿ, ಯಾರೋ ಅದನ್ನು ಮೂರು ಡಿಗ್ರಿ ಕೆಳಕ್ಕೆ ‘ಸರಿ’ ಮಾಡುತ್ತಾರೆ. ಕುದಿಯುವ ನೀರಿನಲ್ಲಿ ನೋಡುವುದಾದರೆ ಸಮುದ್ರಮಟ್ಟದಲ್ಲಿ 100. ಮೇಲೆ ಹೋದಂತೆ ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿ ಕಡಿಮೆ.

ಪಿಎಚ್ ಮೀಟರನ್ನು ಪಾಳಿ ಶುರುವಿನಲ್ಲಿ 7 ಮತ್ತು 4ರ ಬಫರಿನಿಂದ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಹೊಂದಿಸಿ. ಒಮ್ಮೆ ಸುರಿದ ಬಫರನ್ನು ಬಾಟಲಿಗೆ ವಾಪಸ್ ಹಾಕಬೇಡಿ.

ಎಲ್ಲಿ ಅಳೆಯುತ್ತೀರಿ ಎಂಬುದು ಎಷ್ಟು ಬಂತು ಎಂಬುದರಷ್ಟೇ ಮುಖ್ಯ. ಒಲೆಯಲ್ಲಿ ಅತಿ ತಣ್ಣಗಿನ ಜಾಗ, ಕೋಲ್ಡ್ ರೂಮಿನಲ್ಲಿ ಅತಿ ಬೆಚ್ಚಗಿನ ಜಾಗ, ತುಂಡುಗಳಲ್ಲಿ ಅತಿ ದಪ್ಪದ್ದು. ಈ ಜಾಗಗಳನ್ನು ಮೊದಲು ಹತ್ತಾರು ಕಡೆ ಲಾಗರ್ (ಉಷ್ಣತೆಯನ್ನು ತಾನಾಗಿ ದಾಖಲಿಸುವ ಸಾಧನ) ಇಟ್ಟು, ಯಂತ್ರ ಪೂರ್ತಿ ತುಂಬಿದಾಗ ಪತ್ತೆ ಹಚ್ಚಬೇಕು. ಖಾಲಿ ಕೋಣೆಯಲ್ಲಿ ತೆಗೆದ ಉಷ್ಣತೆಯ ನಕ್ಷೆ ಪ್ರಯೋಜನಕ್ಕೆ ಬಾರದು.

5. ತಣಿಸುವುದು

ಬೇಯಿಸುವ ಹಂತಕ್ಕೆ ಅಲಾರಂ, ಚಾರ್ಟು, ಸಹಿ ಎಲ್ಲ ಇರುತ್ತದೆ. ತಣಿಸುವುದನ್ನು ಮಾತ್ರ ‘ಕೋಲ್ಡ್ ರೂಮಿಗೆ ತಳ್ಳಿದರೆ ಆಯ್ತು’ ಎಂದು ಬಿಡುತ್ತಾರೆ. ಬೇಯಿಸಿ ತಣಿಸಿ ಮಾರುವ ಆಹಾರದಲ್ಲಿ ಹೆಚ್ಚು ಕಣ್ಣಿಡಬೇಕಾದ್ದು ಇಲ್ಲೇ. ಅಮೆರಿಕದ ಫುಡ್ ಕೋಡಿನ ನಿಯಮ ಹಲವು ಕಡೆ ಬಳಕೆಯಲ್ಲಿದೆ: 57 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಒಟ್ಟು ಆರು ಗಂಟೆಯೊಳಗೆ. ಮೊದಲ ಎರಡು ಗಂಟೆಯೇ ಬಿಗಿ, ಏಕೆಂದರೆ ಬೀಜಕಗಳು ಮೊಳೆತು ವೇಗವಾಗಿ ಬೆಳೆಯುವ ಉಷ್ಣತೆ ಆ ಭಾಗದಲ್ಲೇ ಇದೆ.

ಇಲ್ಲಿ ಆಳವೇ ಶತ್ರು. ಗಟ್ಟಿ ಆಹಾರದಲ್ಲಿ ಶಾಖ ನಡುವಿನಿಂದ ಹೊರಬರಲು ಹಿಡಿಯುವ ಕಾಲ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಎರಡರಷ್ಟಾದರೆ ಕಾಲ ಹತ್ತಿರಹತ್ತಿರ ನಾಲ್ಕರಷ್ಟು. ಐದು ಸೆಂಟಿಮೀಟರ್ ಆಳದ ಟ್ರೇಯಲ್ಲಿ ಎರಡು ಗಂಟೆಗೆ ಇಳಿಯುವ ಗಟ್ಟಿ ಪದಾರ್ಥ ಹತ್ತು ಸೆಂಟಿಮೀಟರ್ ತುಂಬಿದರೆ ಎಂಟು ಗಂಟೆ ಹಿಡಿಯಬಹುದು. ಆದ್ದರಿಂದ ಟ್ರೇಯ ಒಳಬದಿಯಲ್ಲೇ ತುಂಬುವ ಗೆರೆ ಇರಲಿ. ಟ್ರೇಗಳ ನಡುವೆ ಗಾಳಿ ಓಡಾಡಲಿ, ಬಿಸಿ ಇರುವಾಗ ಮುಚ್ಚಳ ಬಿಗಿಯಬೇಡಿ. ಪದಾರ್ಥ ನೀರಾಗಿದ್ದರೆ ಮಂಜುಗಡ್ಡೆ ನೀರಿನ ಸ್ನಾನದಲ್ಲಿಟ್ಟು ಕಲಕುತ್ತಿರಿ. ಸಾಮಾನ್ಯ ಕೋಲ್ಡ್ ರೂಮ್ ಕಟ್ಟಿರುವುದು ತಣ್ಣಗಿರುವುದನ್ನು ತಣ್ಣಗಿಡಲು. ಅದಕ್ಕೆ 200 ಕೆ.ಜಿ. ಬಿಸಿ ಆಹಾರ ನುಗ್ಗಿಸಿದರೆ ಅದೂ ತಣಿಯುವುದಿಲ್ಲ, ಪಕ್ಕದ್ದೂ ಬೆಚ್ಚಗಾಗುತ್ತದೆ. ತಣಿಸಲು ರಭಸದ ತಣ್ಣನೆಯ ಗಾಳಿ ಬೀಸುವ ಬ್ಲಾಸ್ಟ್ ಚಿಲ್ಲರ್ ಬೇರೆಯೇ ಬೇಕು.

ಎರಡು ಗಂಟೆಯ ಹೊತ್ತಿಗೆ 26 ಡಿಗ್ರಿ ಇದೆ ಎಂದಿಟ್ಟುಕೊಳ್ಳಿ. ತಡವಾದದ್ದು ಈಗಷ್ಟೇ ಕಂಡರೆ ಫುಡ್ ಕೋಡಿನ ಹಾದಿ ಹಿಡಿದವರು ಕೂಡಲೇ 74ಕ್ಕೆ ಮತ್ತೆ ಬಿಸಿ ಮಾಡಿ, ಒಂದೇ ಒಂದು ಸಲ, ಹೊಸದಾಗಿ ತಣಿಸಬಹುದು. ಮರುದಿನ ಬೆಳಿಗ್ಗೆ ಚಾರ್ಟ್ ನೋಡಿ ಗೊತ್ತಾದರೆ ಬಿಸಿ ಮಾಡಿ ಉಳಿಸುವ ಮಾತೇ ಇಲ್ಲ. ಬಿಸಾಡಿ.

6. ಮೆಟಲ್ ಡಿಟೆಕ್ಟರ್: ಹಸಿರು ದೀಪವನ್ನು ನಂಬಬೇಡಿ

ಈ ಯಂತ್ರದ ಮೇಲಿರುವಷ್ಟು ಕುರುಡು ನಂಬಿಕೆ ಇನ್ನಾವುದರ ಮೇಲೂ ಇಲ್ಲ. ಪರೀಕ್ಷೆಗೆ ಮೂರು ಗುಂಡುಗಳು ಬೇಕು: ಕಬ್ಬಿಣ, ಕಬ್ಬಿಣವಲ್ಲದ ಲೋಹ, ಸ್ಟೇನ್‌ಲೆಸ್ ಸ್ಟೀಲ್. ಸಣ್ಣ ಒಣ ಪೊಟ್ಟಣಗಳಿಗೆ ಕ್ರಮವಾಗಿ 1.5, 2.0 ಮತ್ತು 2.5 ಮಿ.ಮೀ. ಎಂಬುದು ಸಾಮಾನ್ಯವಾಗಿ ಕಾಣುವ ಗಾತ್ರ. ನಿಮ್ಮ ಉತ್ಪನ್ನಕ್ಕೆ ಎಷ್ಟು ಎಂಬುದನ್ನು ನಿಮ್ಮ ಲೈನಿನಲ್ಲೇ ಪ್ರಯೋಗಿಸಿ ನಿರ್ಧರಿಸಬೇಕು. ಸ್ಟೇನ್‌ಲೆಸ್ ಹಿಡಿಯುವುದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಅದಕ್ಕೆ ಕಾಂತಗುಣವೂ ಕಡಿಮೆ, ವಿದ್ಯುತ್ ಹರಿಯುವುದೂ ಕಡಿಮೆ. ವಿಪರ್ಯಾಸವೆಂದರೆ ಕಾರ್ಖಾನೆಯ ಬ್ಲೇಡು, ಜರಡಿ, ಬೋಲ್ಟುಗಳೆಲ್ಲ ಅದರದ್ದೇ.

ಪರೀಕ್ಷಾ ಗುಂಡೊಂದನ್ನೇ ಬೆಲ್ಟಿನ ಮೇಲಿಟ್ಟು ಹಾಯಿಸಿದರೆ ಪರೀಕ್ಷೆಯಾಗಲಿಲ್ಲ. ಗುಂಡು ಉತ್ಪನ್ನದ ಜೊತೆಗೆ, ಡಿಟೆಕ್ಟರ್ ಬಾಯಿಯ ನಟ್ಟನಡುವೆ ಹಾದುಹೋಗಬೇಕು. ಸಂವೇದನೆ ಅತಿ ಕಡಿಮೆ ಇರುವುದು ಅಲ್ಲೇ. ಪೊಟ್ಟಣದ ಮುಂತುದಿಯಲ್ಲೊಮ್ಮೆ, ಹಿಂತುದಿಯಲ್ಲೊಮ್ಮೆ ಇಡಿ. ಎರಡು ಪೊಟ್ಟಣಗಳಲ್ಲಿ ಗುಂಡಿಟ್ಟು ಬೆನ್ನುಬೆನ್ನಿಗೆ ಕಳಿಸಿ: ಮೊದಲನೆಯದನ್ನು ತಳ್ಳಿದ ಯಂತ್ರದ ಕೈ ಎರಡನೆಯದಕ್ಕೆ ಸಮಯಕ್ಕೆ ವಾಪಸಾಗದೆ ಅದನ್ನು ಬಿಟ್ಟುಬಿಡುವುದು ಈ ಪರೀಕ್ಷೆಯಲ್ಲಿ ಮಾತ್ರ ಬಯಲಾಗುತ್ತದೆ. ದೀಪ ಹೊತ್ತಿತು, ಸದ್ದಾಯಿತು ಎಂದು ಟಿಕ್ ಹಾಕಬೇಡಿ. ಪೊಟ್ಟಣ ತಿರಸ್ಕಾರದ ಪೆಟ್ಟಿಗೆಗೆ ನಿಜವಾಗಿ ಬಿತ್ತೇ ನೋಡಿ. ಆ ಪೆಟ್ಟಿಗೆಗೆ ಬೀಗ ಇರಬೇಕು, ಬೀಗದ ಕೈ ಲೈನ್ ಓಡಿಸುವವರ ಬಳಿ ಇರಬಾರದು.

ಒದ್ದೆ, ಉಪ್ಪಿನ ಉತ್ಪನ್ನ ತಾನೇ ಲೋಹದಂತೆ ಸಂಕೇತ ಕೊಡುತ್ತದೆ. ಹೆಪ್ಪುಗಟ್ಟಿದ ಮಾಲು ಲೈನ್ ನಿಂತು ಹತ್ತು ನಿಮಿಷ ಕರಗಿದರೂ ಸಂಕೇತ ಬದಲಾಗಿ ಒಳ್ಳೆಯ ಪೊಟ್ಟಣಗಳು ದಬದಬ ಹೊರಬೀಳತೊಡಗುತ್ತವೆ. ಆಗ ಬೇಸತ್ತವರು ಮಾಡುವ ಮೊದಲ ಕೆಲಸ ಸಂವೇದನೆ ತಗ್ಗಿಸುವುದು. ಸೆಟ್ಟಿಂಗಿಗೆ ಪಾಸ್‌ವರ್ಡ್ ಹಾಕಿಡಿ. ತಿರಸ್ಕೃತ ಪೊಟ್ಟಣವನ್ನು ‘ಇನ್ನೊಮ್ಮೆ ಹಾಯಿಸಿ ನೋಡೋಣ, ಪಾಸಾದರೆ ಪೆಟ್ಟಿಗೆಗೆ’ ಎನ್ನುವ ರೂಢಿಯನ್ನೂ ನಿಲ್ಲಿಸಿ. ತೆಳ್ಳನೆಯ ತಂತಿ ಒಂದು ಕೋನದಲ್ಲಿ ಸಿಕ್ಕಿಬೀಳುತ್ತದೆ, ಇನ್ನೊಂದರಲ್ಲಿ ನುಣುಚಿಕೊಳ್ಳುತ್ತದೆ. ಪೊಟ್ಟಣ ಬಿಚ್ಚಿ, ಲೋಹ ಹುಡುಕಿ, ಅದು ಯಾವ ಯಂತ್ರದ್ದು ಎಂದು ತಿಳಿಯುವವರೆಗೆ ಬಿಡಬೇಡಿ.

7. ಮಿತಿ ತಪ್ಪಿದಾಗ: ತಡೆಹಿಡಿ, ಆಮೇಲೆ ಯೋಚಿಸು

ಲೈನ್ ಗಂಟೆಗೆ 3,000 ಪೊಟ್ಟಣ ಮಾಡುತ್ತದೆ. ಡಿಟೆಕ್ಟರ್ ಪರೀಕ್ಷೆ ಗಂಟೆಗೊಮ್ಮೆ. 10:05ಕ್ಕೆ ಪಾಸ್, 11:05ಕ್ಕೆ ಫೇಲ್. ಯಂತ್ರ ಕೆಟ್ಟದ್ದು ಯಾವ ಕ್ಷಣದಲ್ಲಿ ಎಂದು ಯಾರಿಗೂ ಗೊತ್ತಿಲ್ಲ; ಆದ್ದರಿಂದ 10:05ರಿಂದೀಚೆಗಿನ 3,000 ಪೊಟ್ಟಣಗಳೂ ಸಂದೇಹದ ಪಟ್ಟಿಗೆ. ಪರೀಕ್ಷೆ ಅರ್ಧ ಗಂಟೆಗೊಮ್ಮೆ ಇದ್ದರೆ 1,500. ದಿನಕ್ಕೊಮ್ಮೆ ಇದ್ದರೆ ಇಡೀ ದಿನದ ಮಾಲು. ನಿಗಾ ಎಷ್ಟು ಹೊತ್ತಿಗೊಮ್ಮೆ ಇರಬೇಕು ಎಂಬ ಪ್ರಶ್ನೆಗೆ ಉತ್ತರ ಇದೇ ಲೆಕ್ಕದಲ್ಲಿದೆ: ತಪ್ಪಿದಾಗ ಎಷ್ಟು ಮಾಲು ತಡೆಹಿಡಿಯಲು, ಮರುಪರೀಕ್ಷಿಸಲು, ಬೇಕಾದರೆ ಬಿಸಾಡಲು ತಯಾರಿದ್ದೀರಿ? ಇದರ ಇನ್ನೊಂದು ಮುಖ, ಮುಂದಿನ ಪರೀಕ್ಷೆ ಪಾಸಾಗುವವರೆಗೆ ಆ ಗಂಟೆಯ ಮಾಲು ಗಾಡಿ ಹತ್ತಬಾರದು. ಹತ್ತಿದ್ದರೆ ಅದು ತಡೆಹಿಡಿಯುವ ಮಾತಲ್ಲ, ವಾಪಸ್ ಕರೆಸುವ ಮಾತು.

ಕ್ರಮ ಹೀಗೆ. ಲೈನ್ ನಿಲ್ಲಿಸಿ. ಕೊನೆಯ ಸರಿ ರೀಡಿಂಗಿನಿಂದೀಚೆಗಿನ ಎಲ್ಲ ಪ್ಯಾಲೆಟ್‌ಗಳಿಗೆ ಎದ್ದು ಕಾಣುವ ‘ತಡೆಹಿಡಿದಿದೆ’ ಚೀಟಿ ಅಂಟಿಸಿ, ಎಣಿಸಿ, ಬೇರೆ ಜಾಗಕ್ಕೆ ಸರಿಸಿ. ಕಂಪ್ಯೂಟರಿನಲ್ಲೂ ಆ ಲಾಟ್ ಬಿಡುಗಡೆಯಾಗದಂತೆ ಮುಚ್ಚಿ. ಚೀಟಿ ಮಾತ್ರ ಅಂಟಿಸಿದ ಪ್ಯಾಲೆಟನ್ನು ರಾತ್ರಿ ಪಾಳಿಯವರು ಗೊತ್ತಿಲ್ಲದೆ ಗಾಡಿಗೆ ಹೇರಿದರೆ ಆಶ್ಚರ್ಯವಿಲ್ಲ. ಆಮೇಲೆ ಯಂತ್ರ ಸರಿಪಡಿಸಿ, ಪರೀಕ್ಷೆ ಪಾಸಾದ ಮೇಲೆ ತಡೆಹಿಡಿದದ್ದನ್ನು ಮತ್ತೆ ಹಾಯಿಸಿ. ಬಿಡುಗಡೆಗೆ ಸಹಿ ಹಾಕುವವರು ಉತ್ಪಾದನೆಯ ಗುರಿ ಮುಟ್ಟಿಸಬೇಕಾದವರಾಗಿರಬಾರದು. ಕೊನೆಗೆ, ಏಕೆ ಕೆಟ್ಟಿತು ಎಂಬುದನ್ನು ಬರೆಯಿರಿ. ‘ಸಿಬ್ಬಂದಿಗೆ ತಿಳಿಹೇಳಲಾಯಿತು’ ಎಂಬ ಒಂದೇ ಸಾಲು ತಿಂಗಳಿಗೆ ಮೂರು ಸಲ ಕಂಡರೆ ಕಾರಣವನ್ನು ಇನ್ನೂ ಯಾರೂ ಹುಡುಕಿಲ್ಲ ಎಂದರ್ಥ.

8. ತೊಳೆಯುವುದು

ಒಣ ಕಸ ತೆಗೆಯುವುದು, ನೀರು ಹಾಯಿಸುವುದು, ಮಾರ್ಜಕ ಹಾಕಿ ಉಜ್ಜುವುದು, ಮತ್ತೆ ನೀರು, ಕಣ್ಣಿನಿಂದ ತಪಾಸಣೆ, ಕೊನೆಗೆ ಸೋಂಕು ನಿವಾರಕ. ಮೊದಲ ನೀರು 40–50 ಡಿಗ್ರಿ ಇರಲಿ. ತೀರಾ ಬಿಸಿಯಾದರೆ ಪ್ರೋಟೀನ್ ಉಕ್ಕಿನ ಮೇಲೆ ಬೆಂದು ಅಂಟುತ್ತದೆ, ತೀರಾ ತಣ್ಣಗಾದರೆ ಜಿಡ್ಡು ಬಿಡುವುದಿಲ್ಲ. ಜಿಡ್ಡಿನ ಮೇಲೆ ಕ್ಲೋರಿನ್ ಸುರಿದರೆ ಅದು ಜಿಡ್ಡಿನ ಜೊತೆ ಸೆಣಸಿಯೇ ಮುಗಿದುಹೋಗುತ್ತದೆ, ಬ್ಯಾಕ್ಟೀರಿಯಾ ತಲುಪುವುದೇ ಇಲ್ಲ.

ಆಹಾರ ತಾಗುವ ಮೇಲ್ಮೈಗೆ ಕ್ಲೋರಿನ್ 100–200 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ) ಸಾಮಾನ್ಯ. ದ್ರಾವಣದ ಪಿಎಚ್ 6.5ರಿಂದ 7.5ರ ನಡುವೆ ಅದು ಚುರುಕು. 8 ದಾಟಿದರೆ ಪರೀಕ್ಷಾ ಕಾಗದದ ಪಟ್ಟಿಯಲ್ಲಿ ಅದೇ 200 ಪಿಪಿಎಂ ತೋರಿಸಿದರೂ ಕೊಲ್ಲುವ ಶಕ್ತಿ ಕುಸಿದಿರುತ್ತದೆ. ಚುರುಕಾಗಲಿ ಎಂದು ಯಾರೂ ಅದಕ್ಕೆ ತಮ್ಮ ಅಂದಾಜಿನಲ್ಲಿ ಆಮ್ಲ ಬೆರೆಸಬಾರದು. ವಿಷಾನಿಲ ಏಳುತ್ತದೆ.

ಚರಂಡಿಗೆ ಒತ್ತಡದ ಪೈಪು ಹಿಡಿಯಬೇಡಿ. ಲಿಸ್ಟೀರಿಯಾ ಮನೆ ಮಾಡಿಕೊಳ್ಳುವುದೇ ಅಲ್ಲಿ. ರಭಸದ ನೀರು ಅದನ್ನು ಸಣ್ಣ ಹನಿಗಳಾಗಿ ಎಬ್ಬಿಸಿ, ಆಗಷ್ಟೇ ತೊಳೆದ ಕನ್ವೇಯರ್ ಮೇಲೆ ಕೂರಿಸುತ್ತದೆ. ಸ್ವ್ಯಾಬ್ ತೆಗೆಯುವಾಗಲೂ, ಅಂದರೆ ಪರೀಕ್ಷೆಗಾಗಿ ಹತ್ತಿಕಡ್ಡಿಯಿಂದ ಒರೆಸಿ ಮಾದರಿ ತೆಗೆಯುವಾಗಲೂ, ಹೊಳೆಯುವ ಉಕ್ಕಿನ ಮೇಲಲ್ಲ. ಚರಂಡಿ, ಚಕ್ರ, ಟೊಳ್ಳು ರೋಲರ್, ಬೆಲ್ಟಿನ ಅಡಿ, ಒಡೆದ ಗ್ಯಾಸ್ಕೆಟ್, ಏರ್ ಕೂಲರಿನ ತೊಟ್ಟಿಕ್ಕುವ ತಟ್ಟೆ, ಇಲ್ಲಿ ಹುಡುಕಿ. ವರ್ಷವಿಡೀ ಒಂದೂ ಪಾಸಿಟಿವ್ ಬಾರದಿದ್ದರೆ ಬೆನ್ನು ತಟ್ಟಿಕೊಳ್ಳುವ ಮೊದಲು ಸ್ವ್ಯಾಬ್ ಎಲ್ಲಿಂದ ತೆಗೆಯುತ್ತಿದ್ದಾರೆ ಎಂದು ನೋಡಿ. ಜೀವಕೋಶಗಳಲ್ಲಿರುವ ಎಟಿಪಿ ಎಂಬ ವಸ್ತುವಿನ ಉಳಿಕೆಯನ್ನು ಅಳೆಯುವ ಎಟಿಪಿ ಸ್ವ್ಯಾಬ್ ಕ್ಷಣದಲ್ಲಿ ಅಂಕಿ ಕೊಡುತ್ತದೆ ನಿಜ, ಆದರೆ ಅದು ಹೇಳುವುದು ಕೊಳೆ ಉಳಿದಿದೆಯೇ ಎಂದಷ್ಟೆ. ರೋಗಾಣುವನ್ನೂ ಅಲರ್ಜಿಕಾರಕವನ್ನೂ ಅದು ಗುರುತಿಸದು.

ಪುಡಿ, ಬಿಸ್ಕತ್ತು, ಚಾಕೊಲೇಟಿನಂಥ ಒಣ ಕಾರ್ಖಾನೆಯಲ್ಲಿ ಈ ಪಾಠವೇ ತಲೆಕೆಳಗು. ಅಲ್ಲಿ ನೀರೇ ಅಪಾಯ. ಒಣ ಧೂಳಿನಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದ ಸಾಲ್ಮೊನೆಲ್ಲಾಕ್ಕೆ ಒಂದು ಬಕೆಟ್ ನೀರು ಸಿಕ್ಕರೆ ಜೀವ ಬಂದಂತೆ. ಬ್ರಷ್, ನಿರ್ವಾತ ಯಂತ್ರ, ಬೇಗ ಆರುವ ಆಲ್ಕೋಹಾಲ್ ಒರೆಸು ಸಾಕು.

9. ಅಲರ್ಜಿಕಾರಕ ಮತ್ತು ಲೇಬಲ್

ಬೇಯಿಸಿದರೂ, ಸೋಂಕು ನಿವಾರಕ ಹಾಕಿದರೂ ಅಲರ್ಜಿಯ ಅಪಾಯ ಹೋಗುವುದಿಲ್ಲ. ತೊಳೆದು ತೆಗೆದೇ ತೀರಬೇಕು, ತೆಗೆದಿದೆಯೇ ಎಂದು ಆಯಾ ಪ್ರೋಟೀನಿನ ಪರೀಕ್ಷಾ ಕಿಟ್‌ನಿಂದಲೇ ನೋಡಬೇಕು. ಅಲರ್ಜಿಕಾರಕ ಇಲ್ಲದ್ದನ್ನು ಮೊದಲು, ಇರುವುದನ್ನು ಪಾಳಿಯ ಕೊನೆಗೆ ಓಡಿಸಿದರೆ ಅರ್ಧ ತಲೆನೋವು ಕಡಿಮೆ. ಆದರೆ ಮಾಲನ್ನು ವಾಪಸ್ ಕರೆಸುವ ಪ್ರಸಂಗಗಳಲ್ಲಿ ಮತ್ತೆ ಮತ್ತೆ ಕಾಣುವ ಕಾರಣ ಇದಕ್ಕಿಂತ ಸರಳ: ಒಳಗಿನ ಆಹಾರ ಸರಿಯಾಗಿದೆ, ಹೊರಗಿನ ಲೇಬಲ್ ಬೇರೆ ಉತ್ಪನ್ನದ್ದು. ಉತ್ಪನ್ನ ಬದಲಾಗುವಾಗ ಹಳೆಯ ಲೇಬಲಿನ ಉರುಳೆ, ಬಿಡಿ ಹಾಳೆ ಎಲ್ಲವನ್ನೂ ಲೈನಿನಿಂದ ಹೊರಗೆ ಹಾಕಿ, ಇನ್ನೊಬ್ಬರು ನೋಡಿ ಸಹಿ ಮಾಡಲಿ. ಹೊಸ ಉರುಳೆ ಏರಿಸಿದಾಗಲೆಲ್ಲ ಒಂದು ಲೇಬಲ್ ಕಿತ್ತು ದಾಖಲೆ ಪುಸ್ತಕಕ್ಕೇ ಅಂಟಿಸಿ. ‘ಪರಿಶೀಲಿಸಿದೆ’ ಎಂಬ ಟಿಕ್ಕಿಗಿಂತ ಅದು ಎಷ್ಟೋ ವಾಸಿ.

10. ದಾಖಲೆ ಓದುವುದೂ ಒಂದು ಕಸುಬು

ಕೋಲ್ಡ್ ರೂಮಿನ ಒಂದು ಹಾಳೆ ಎತ್ತಿಕೊಳ್ಳಿ. 8:00, 4.0. 10:00, 4.0. 12:00, 4.0. ಸಂಜೆಯವರೆಗೂ ಅದೇ. ಒಂದೇ ಪೆನ್ನು, ಒಂದೇ ಒತ್ತು, ಅಕ್ಷರಗಳು ಒಂದೇ ಓರೆಗೆ ವಾಲಿವೆ, ಹಾಳೆಗೆ ಒಂದು ಕಲೆಯಿಲ್ಲ, ಮಡಿಕೆಯಿಲ್ಲ. ಕೋಣೆಯನ್ನು ತಣಿಸುವ ಕಾಯಿಲ್ (ಸುರುಳಿ ಕೊಳವೆ) ದಿನಕ್ಕೆ ಹಲವು ಸಲ ಹಿಮ ಕರಗಿಸಿಕೊಳ್ಳುತ್ತದೆ, ಬಾಗಿಲು ನೂರು ಸಲ ತೆರೆಯುತ್ತದೆ, ಉಷ್ಣತೆ 3.1, 4.6, 3.8 ಎಂದು ಏರಿಳಿಯಲೇಬೇಕು. ಈ ಹಾಳೆ ಸಂಜೆ ಐದಕ್ಕೆ ಕುಳಿತು ಬರೆದದ್ದು. ಬರೆದವರನ್ನು ಬೈಯುವ ಮೊದಲು ಕೇಳಿ: ಆ ಹೊತ್ತಿಗೆ ಅವರಿಗೆ ಬೇರೆಷ್ಟು ಕೆಲಸ ಹೊರಿಸಿದ್ದಿರಿ? ಥರ್ಮಾಮೀಟರ್ ಕೈಗೆಟುಕುವಲ್ಲಿತ್ತೇ? ಹಿಂದೊಮ್ಮೆ 6.2 ಎಂದು ಪ್ರಾಮಾಣಿಕವಾಗಿ ಬರೆದವರಿಗೆ ಏನಾಯಿತು?

ಸಮಯವನ್ನು 10:00 ಎಂದಲ್ಲ, ನೋಡಿದ ನಿಮಿಷಕ್ಕೆ, 10:07 ಎಂದು ಬರೆಸಿ. ತಪ್ಪನ್ನು ಒಂದೇ ಗೆರೆಯಿಂದ ಹೊಡೆದು ಪಕ್ಕದಲ್ಲಿ ಸಹಿ. ಬಿಳಿ ಬಣ್ಣ ಬಳಿಯುವಂತಿಲ್ಲ. ಮಿತಿಯ ಅಂಕಿ ಹಾಳೆಯ ತಲೆಯಲ್ಲೇ ಮುದ್ರಿತವಾಗಿರಲಿ, ದಾಟಿದರೆ ಯಾರಿಗೆ ಹೇಳಬೇಕು ಎಂಬುದು ಅದರ ಕೆಳಗಿರಲಿ. ಸಿಸಿಪಿ ದಾಖಲೆಯನ್ನು ಮಾಲು ಹೊರಡುವ ಮೊದಲು ಬೇರೊಬ್ಬರು ಓದಬೇಕು. ತಿಂಗಳ ಕೊನೆಗೆ ಕಟ್ಟು ಕಟ್ಟಿ ಓದಿದರೆ ಬರೀ ಚರಿತ್ರೆ ತಿಳಿಯುತ್ತದೆ.

11. ಗಾಡಿ ಏರಿದ ಮೇಲೆ

ಶೀತಲ ಗಾಡಿಯ ಯಂತ್ರಕ್ಕಿರುವುದು ತಣ್ಣಗಿನ ಮಾಲನ್ನು ತಣ್ಣಗಿಡುವಷ್ಟು ಶಕ್ತಿ. 12 ಡಿಗ್ರಿಯ ಮಾಲು ಹೇರಿ ‘ದಾರಿಯಲ್ಲಿ ತಣಿಯುತ್ತೆ’ ಎಂದರೆ ಅದು ಅಂಗಡಿಗೂ ಹೆಚ್ಚುಕಡಿಮೆ ಹಾಗೇ ತಲುಪುತ್ತದೆ. ಹೇರುವ ಮೊದಲು ಬಾಗಿಲು ಮುಚ್ಚಿ ಗಾಡಿಯ ಒಳಗನ್ನು ತಣಿಸಿ. ಹೇರುವ ಕಟ್ಟೆ ಬೆಚ್ಚಗಿದ್ದರೆ ಬಾಗಿಲು ತೆರೆದಿರುವಷ್ಟು ಹೊತ್ತು ಯಂತ್ರ ನಿಲ್ಲಿಸಿ. ಇಲ್ಲದಿದ್ದರೆ ಫ್ಯಾನು ಹೊರಗಿನ ತೇವದ ಗಾಳಿ ಎಳೆದು ಕಾಯಿಲಿನ ಮೇಲೆ ಹಿಮ ಕಟ್ಟಿಸುತ್ತದೆ, ಮುಂದಿನ ದಾರಿಯುದ್ದಕ್ಕೂ ಗಾಳಿ ಸರಿಯಾಗಿ ಹರಿಯದು. ಗಾಡಿಯ ಒಳಗೆ ಮೂಗು ಹಾಕಿ ವಾಸನೆ ನೋಡಿ, ಹಿಂದಿನ ಸಲ ಏನು ಸಾಗಿಸಿದ್ದರು ಎಂದು ಕೇಳಿ.

ಛಾವಣಿಯವರೆಗೆ ಪೇರಿಸಬೇಡಿ, ಮುಂದಿನ ಗೋಡೆಯಲ್ಲಿ ಗಾಳಿ ವಾಪಸಾಗುವ ಕಿಂಡಿ ಮುಚ್ಚಬೇಡಿ. ಚಾಲಕನ ಮುಂದಿನ ಪರದೆ ತೋರಿಸುವುದು ಗಾಳಿಯ ಉಷ್ಣತೆ, ಆಹಾರದ್ದಲ್ಲ. ಡೇಟಾ ಲಾಗರನ್ನು ತಣ್ಣನೆಯ ಗಾಳಿ ಬೀಸುವ ಕಿಂಡಿಯ ಕೆಳಗಿಟ್ಟರೆ ಚೆಂದದ ಗ್ರಾಫ್ ಬರುತ್ತದೆ. ಹಿಂಬಾಗಿಲ ಬಳಿ, ಮೇಲಿನ ಸಾಲಿನ ಪೆಟ್ಟಿಗೆಯೊಳಗೆ ಇಟ್ಟರೆ ನಿಜ ಗೊತ್ತಾಗುತ್ತದೆ. ಹತ್ತು ಅಂಗಡಿಗೆ ಇಳಿಸುವ ಗಾಡಿಗೆ ಹತ್ತು ಸಲ ಬಾಗಿಲು ತೆರೆಯುತ್ತದೆ. ಕೊನೆಯ ಅಂಗಡಿಯ ಮಾಲೇ ನಿಮ್ಮ ಅಳತೆಗೋಲಾಗಲಿ.

ಇಳಿಸಿಕೊಳ್ಳುವಲ್ಲಿ ಎರಡು ಪೊಟ್ಟಣಗಳ ನಡುವೆ ಚಪ್ಪಟೆ ಪ್ರೋಬ್ ಸಿಕ್ಕಿಸಿ, ಒತ್ತಿ ಹಿಡಿದು, ಅಂಕಿ ನಿಲ್ಲುವವರೆಗೆ ಕಾಯಿರಿ. ತಣ್ಣಗಿನ ಮಾಲಿಗೆ 5 ಡಿಗ್ರಿ, ಹೆಪ್ಪುಗಟ್ಟಿದ್ದಕ್ಕೆ ಮೈನಸ್ 18. ದಾಟಿದಂತೆ ಕಂಡರೆ ಮಾತ್ರ ಪೊಟ್ಟಣ ಚುಚ್ಚಿ ಒಳಗಿನದನ್ನು ಅಳೆಯಿರಿ. ದಾರಿಯಲ್ಲಿ ಕರಗಿ ಮತ್ತೆ ಹೆಪ್ಪುಗಟ್ಟಿದ ಮಾಲು ಬಾಗಿಲಲ್ಲಿ ಮೈನಸ್ 18 ತೋರಿಸಬಹುದು, ಆದರೆ ಬಿಡಿಬಿಡಿಯಾಗಿರಬೇಕಾದ ತುಂಡುಗಳು ಒಂದೇ ಗಡ್ಡೆಯಾಗಿರುತ್ತವೆ, ಪೊಟ್ಟಣದೊಳಗೆ ದಪ್ಪ ಹಿಮದ ಹರಳು, ಪೆಟ್ಟಿಗೆಯ ತಳದಲ್ಲಿ ನೆನೆದು ಒಣಗಿದ ಕಲೆ. ಅಂಕಿ ಸರಿಯಿದ್ದರೂ ಈ ಗುರುತು ಕಂಡರೆ ವಾಪಸ್ ಕಳಿಸಿ. ಆ ಅಧಿಕಾರ ಬಾಗಿಲಲ್ಲಿ ನಿಂತವರಿಗೇ ಇರಬೇಕು. ಅವರು ಮೇಲಿನವರಿಗೆ ಫೋನ್ ಮಾಡಿ ಕಾಯುವಷ್ಟರಲ್ಲಿ ಮಾಲು ಕಟ್ಟೆಯ ಮೇಲೆ ಬೆಚ್ಚಗಾಗುತ್ತಿರುತ್ತದೆ.

12. ಜಾಡು ಹಿಡಿಯುವ ಅಭ್ಯಾಸ

ಪ್ರತಿ ಲಾಟ್ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು: ಹಿಂದಕ್ಕೊಂದು ಹೆಜ್ಜೆ, ಮುಂದಕ್ಕೊಂದು ಹೆಜ್ಜೆ. ವರ್ಷಕ್ಕೊಮ್ಮೆಯಾದರೂ, ಮುನ್ಸೂಚನೆ ಇಲ್ಲದೆ, ಗಡಿಯಾರ ಇಟ್ಟುಕೊಂಡು ಪರೀಕ್ಷಿಸಿ. ನಾಲ್ಕು ಗಂಟೆಯೊಳಗೆ ಮುಗಿಯಬೇಕು. ಸಿದ್ಧ ಸರಕಿನಿಂದ ಶುರುಮಾಡುವುದು ಸುಲಭ. ಒಂದು ಮಸಾಲೆಯ ಚೀಲದಿಂದ ಅಥವಾ ಪ್ಯಾಕಿಂಗ್ ಹಾಳೆಯ ಉರುಳೆಯಿಂದ ಶುರುಮಾಡಿ.

ಲೆಕ್ಕ ಕೂಡಿಬರಬೇಕು. 500 ಕೆ.ಜಿ. ಬಂದಿತ್ತು. ಬ್ಯಾಚ್ ಹಾಳೆಗಳ ಪ್ರಕಾರ 412 ಬಳಕೆಯಾಗಿದೆ, ಗೋದಾಮಿನಲ್ಲಿ 60 ಇದೆ, 8 ಚೆಲ್ಲಿಹೋಗಿದೆ. ಒಟ್ಟು 480. ಉಳಿದ 20 ಕೆ.ಜಿ. ಎಲ್ಲಿ? ಹುಡುಕಿದಾಗ ಸಾಮಾನ್ಯವಾಗಿ ಸಿಗುವುದು ದಾಖಲಾಗದೆ ಮುಂದಿನ ಬ್ಯಾಚಿಗೆ ಬೆರೆತ ಉಳಿಕೆ ಮಾಲು. ಅಂದರೆ ವಾಪಸ್ ಕರೆಸಬೇಕಾದ ಪಟ್ಟಿಯಲ್ಲಿ ಇಲ್ಲದ ಇನ್ನೊಂದು ಲಾಟ್ ಅಂಗಡಿಗಳಲ್ಲಿ ಮಾರಾಟವಾಗುತ್ತಲೇ ಇದೆ.

ಇದೇ ಅಭ್ಯಾಸವನ್ನು ಒಮ್ಮೆ ರಜೆಯ ದಿನ ಸಂಜೆ ಮಾಡಿ ನೋಡಿ. ವಿತರಕರ ಪಟ್ಟಿಯಲ್ಲಿರುವ ನಂಬರುಗಳಿಗೆ ಒಂದೊಂದಾಗಿ ಕರೆ ಮಾಡಿ, ಎತ್ತಿದವರೆಷ್ಟು ಮಂದಿ, ಎತ್ತಿದವರಲ್ಲಿ ತಮ್ಮ ಗೋದಾಮಿನ ಲಾಟ್ ನಂಬರ್ ಆಗಲೇ ಹೇಳಬಲ್ಲವರೆಷ್ಟು ಮಂದಿ ಎಂದು ಬರೆದುಕೊಳ್ಳಿ. ಎತ್ತದ ನಂಬರುಗಳ ಬದಲಿಗೆ ಬೇರೆಯದನ್ನು ಮರುದಿನವೇ ತರಿಸಿ ಪಟ್ಟಿಗೆ ಸೇರಿಸಿ.